ಖಾಲಿ ಕುರ್ಚಿ ಯಾರ ಸೊತ್ತು?

ಸಂಘಸಂಸ್ಥೆಗಳ ವಾರ್ಷಿಕ ಸಭೆಗಳ ಕಾಲ ಬಂದಿದೆ. ವಾಚನಾಲಯಗಳು, ಯುವಕ ಸಂಘಗಳು, ಮಹಿಳಾ ಮಂಡಲಗಳು, ನಾಟಕ ಮಂಡಲಿಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಎಲ್ಲವೂ ಕುರ್ಚಿ ಹಾಕಿಸಿ, ವರದಿ ಓದಿ, ಲೆಕ್ಕ ಒಪ್ಪಿಸಿ, ಉಪ್ಪಿಟ್ಟು ಕಾಫಿ ಮುಗಿಸಿ ಎದ್ದುಹೋಗುವ ದಿನಗಳಿವು. ಆ ವರದಿಗಳ ಕೊನೆಯಲ್ಲಿ ಬರುವ ಒಂದು ವಾಕ್ಯವನ್ನು ಓದುಗರು ಕೇಳಿಯೇ ಇರುತ್ತೀರಿ. "ವರ್ಷದ ಮಧ್ಯೆ ತೆರವಾದ ಕಾರ್ಯದರ್ಶಿ ಸ್ಥಾನಕ್ಕೆ ಶ್ರೀ ಇಂಥವರನ್ನು ಕಾರ್ಯಕಾರಿ ಸಮಿತಿಯು ನೇಮಿಸಿಕೊಂಡಿತು." ಯಾರೂ ಪ್ರಶ್ನೆ ಕೇಳುವುದಿಲ್ಲ. ಚಪ್ಪಾಳೆ ಬೀಳುತ್ತದೆ. ನಮ್ಮನ್ನು ಕೇಳಿದರೆ, ಇಡೀ ವರದಿಯಲ್ಲಿ ಕಿವಿಗೊಟ್ಟು ಕೇಳಬೇಕಾದ ವಾಕ್ಯ ಅದೇ.

ಕೆಲವರು ನಗಬಹುದು. ಬೆಲೆ ಏರಿದೆ, ಕೂಲಿ ಏರಿಲ್ಲ, ಬಗರ್‌ಹುಕುಂ ಅರ್ಜಿಗಳು ಕಚೇರಿಯಲ್ಲಿ ಧೂಳು ತಿನ್ನುತ್ತಿವೆ. ಇವುಗಳನ್ನು ಬಿಟ್ಟು ಪಕ್ಷದ ಪತ್ರಿಕೆಗೆ ವಾಚನಾಲಯದ ಕಾರ್ಯದರ್ಶಿಯ ಚಿಂತೆ ಏಕೆಂದು ಕೇಳಬಹುದು. ಕೇಳತಕ್ಕ ಮಾತೇ. ಅದಕ್ಕೆ ಉತ್ತರವಾಗಿ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದು ಪರರ ತಪ್ಪಿನ ಕಥೆಯಷ್ಟೇ ಅಲ್ಲ, ನಮ್ಮ ತಪ್ಪಿನ ಕಥೆಯೂ ಹೌದು.

ನಮ್ಮ ರುಜುವಿನ ಕಥೆ

ನಾವು ಉಪಾಧ್ಯಾಯರಾಗಿದ್ದ ಊರಿನಲ್ಲಿ ಒಂದು ವಾಚನಾಲಯ ಸಂಘವಿತ್ತು. ಊರಿನ ಹೆಸರು ಬೇಡ. ಅಂಥ ಊರುಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆ. ಹನ್ನೊಂದು ಜನರ ಕಾರ್ಯಕಾರಿ ಸಮಿತಿ, ಮೂರು ವರ್ಷದ ಅವಧಿ. ನಾವೂ ಹನ್ನೊಂದರಲ್ಲಿ ಒಬ್ಬರು. ಕಾರ್ಯದರ್ಶಿಯಾಗಿದ್ದ ಹಿರಿಯರು ದಿನವೂ ಸಂಜೆ ಐದಕ್ಕೆ ಬೀಗ ತೆಗೆದು, ಕಸ ಗುಡಿಸಿ, ಪತ್ರಿಕೆ ಹರಡಿ ಕೂರುತ್ತಿದ್ದರು. ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು.

ಹನ್ನೆರಡನೆಯ ದಿನ ಕಳೆಯುವುದರೊಳಗಾಗಿ ಅಧ್ಯಕ್ಷರು ನಾಲ್ವರನ್ನು ತಮ್ಮ ಅಂಗಡಿಯ ಜಗಲಿಗೆ ಕರೆಸಿ, ಅಂಗಡಿಯ ಲೆಕ್ಕ ಬರೆಯುತ್ತಿದ್ದ ಹುಡುಗನನ್ನೇ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. ಸಭೆಯ ಸೂಚನಾಪತ್ರ ಯಾರಿಗೂ ಬರಲಿಲ್ಲ. ಬಂದದ್ದು ನಡವಳಿ ಪುಸ್ತಕ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹುಡುಗನೇ ಶಾಲೆಗೆ ತಂದ. "ಮೇಷ್ಟ್ರೇ, ಎಲ್ಲರೂ ಹಾಕಿದ್ದಾರೆ, ತಾವೊಂದು ರುಜು ಹಾಕಿಬಿಡಿ" ಎಂದ. ಹುಡುಗ ಒಳ್ಳೆಯವನು, ಅಧ್ಯಕ್ಷರು ದೊಡ್ಡವರು, ಗಂಟೆ ಹೊಡೆಯಲು ಐದು ನಿಮಿಷವಿತ್ತು. ನಾವು ಹೋಗದ ಸಭೆಗೆ ನಾವು ಹಾಜರಿದ್ದೆವೆಂದು ರುಜು ಹಾಕಿದೆವು.

ಮುಂದೆ ಖಜಾಂಚಿಗೆ ವರ್ಗವಾಯಿತು. ಆ ಜಾಗಕ್ಕೂ ಜಗಲಿಯಿಂದಲೇ ಒಬ್ಬರು ಬಂದರು. ಮೂರು ಸಭೆಗಳಿಗೆ ಸತತವಾಗಿ ಬರಲಿಲ್ಲವೆಂದು ಇಬ್ಬರ ಸ್ಥಾನ ತೆರವೆಂದು ಬರೆಯಲಾಯಿತು. ಆ ಮೂರು ಸಭೆಗಳ ಸುದ್ದಿ ಅವರಿಗೆ ಮುಟ್ಟಿಯೇ ಇರಲಿಲ್ಲ. ಒಬ್ಬರು ಬೇಸತ್ತು ರಾಜೀನಾಮೆ ಕೊಟ್ಟರು. ಸಮಿತಿಯಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಮದುವೆಯಾಗಿ ಊರು ಬಿಟ್ಟಳು, ಆಕೆಯ ಸ್ಥಾನಕ್ಕೆ ಅಧ್ಯಕ್ಷರ ಷಡ್ಡಕರು ಬಂದರು. ಎರಡು ವರ್ಷ ತುಂಬುವಷ್ಟರಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿ ಸದಸ್ಯರಿಂದ ಒಂದು ಓಟನ್ನೂ ಪಡೆಯದವರು.

ಆಮೇಲೆ ಒಂದು ಠರಾವು ಬಂತು. "ಸಂಘದ ಆದಾಯ ವೃದ್ಧಿಗಾಗಿ" ಮುಂದಿನ ಹಜಾರವನ್ನು ಅಂಗಡಿಗೆ ಬಾಡಿಗೆಗೆ ಕೊಡುವುದು. ಆ ಹಜಾರದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದರು. ಒಂದೇ ಕೋಣೆಯ ಮನೆಯಲ್ಲಿ ಏಳು ಜನ ಮಲಗುವ ಕುಟುಂಬದ ಮಕ್ಕಳಿಗೆ ಊರಿನಲ್ಲಿ ದೀಪವೂ ಮೇಜೂ ಇದ್ದ ಜಾಗ ಅದೊಂದೇ. ಆರು ಓಟು ಪರವಾಗಿ, ಮೂರು ವಿರೋಧವಾಗಿ ಬಿದ್ದವು. ಆ ಆರು ಯಾವುವೆಂದು ಹೇಳಬೇಕಾಗಿಲ್ಲ. ಸದಸ್ಯರು ಗಲಾಟೆ ಮಾಡಿದಾಗ ಅಧ್ಯಕ್ಷರು ನಡವಳಿ ಪುಸ್ತಕವನ್ನು ತೆರೆದು ತೋರಿಸಿದರು. ಎಲ್ಲ ನೇಮಕಗಳೂ ನಿಯಮದಂತೆಯೇ ಇದ್ದವು. ಮೊದಲನೆಯ ನೇಮಕದ ಕೆಳಗೆ ನಮ್ಮ ರುಜು ಮುತ್ತಿನಂತಹ ಅಕ್ಷರದಲ್ಲಿ ಕುಳಿತಿತ್ತು.

ಪುಸ್ತಕದ ಬೀರುಗಳು ಹಿಂದಿನ ಸಾಮಾನಿನ ಕೋಣೆಗೆ ಹೋದವು. ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ತಂದೆ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ, "ನಮ್ಮ ಹುಡುಗಿ ಅಲ್ಲೇ ಓದ್ತಿದ್ಲು. ನೀವೂ ರುಜು ಹಾಕಿದ್ರಂತಲ್ಲ ಮೇಷ್ಟ್ರೇ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆ ಸಂಘದ ಬೈಲಾದಲ್ಲಿ ಈ ವಿಷಯಕ್ಕೆ ಇದ್ದದ್ದು ಒಂದೇ ಸಾಲು: ಅವಧಿಯ ಮಧ್ಯೆ ತೆರವಾಗುವ ಸ್ಥಾನಗಳನ್ನು ಕಾರ್ಯಕಾರಿ ಸಮಿತಿಯು ತುಂಬಿಕೊಳ್ಳತಕ್ಕದ್ದು. ಈ ಒಂದು ಸಾಲಿನಲ್ಲಿ ಎಷ್ಟು ಬಾಗಿಲುಗಳು ತೆರೆದಿವೆಯೆಂದು ಈಗ ಒಂದೊಂದಾಗಿ ನೋಡೋಣ.

ಯಾರು ತುಂಬಬೇಕು?

ಮೊದಲನೆಯ ಪ್ರಶ್ನೆ ಅಧಿಕಾರದ್ದು. ಅಮೆರಿಕದ ಸೇನೆಯಲ್ಲಿ ಇಂಜಿನಿಯರಾಗಿದ್ದ ಹೆನ್ರಿ ರಾಬರ್ಟ್ ಎಂಬಾತ 1876ರಲ್ಲಿ ಸಭಾ ನಡವಳಿಕೆಗೆ ಒಂದು ನಿಯಮಗ್ರಂಥ ಬರೆದ. ಇಂದಿಗೂ ಅಲ್ಲಿನ ಸಾವಿರಾರು ಸಂಘಗಳು ಅದರಂತೆ ನಡೆಯುತ್ತವೆ. ಆ ಸಂಪ್ರದಾಯದಲ್ಲಿ ತತ್ತ್ವ ಸರಳವಾಗಿದೆ. ಆರಿಸುವ ಹಕ್ಕು ಯಾರದೋ ತೆರವನ್ನು ತುಂಬುವ ಹಕ್ಕೂ ಅವರದೇ. ಬೇರೆಯವರಿಗೆ ಕೊಡಬೇಕಾದರೆ ಬೈಲಾದಲ್ಲಿ ಹಾಗೆಂದು ಬರೆದಿರಬೇಕು. ತುಂಬುವ ಮುನ್ನ ಆ ವಿಷಯದ ಸೂಚನೆ ಸದಸ್ಯರಿಗೆ ತಲುಪಿರಬೇಕು. ಅಧ್ಯಕ್ಷ ಸ್ಥಾನ ತೆರವಾದರೆ ಉಪಾಧ್ಯಕ್ಷರೇ ಅಧ್ಯಕ್ಷರಾಗುತ್ತಾರೆ.

ನಮ್ಮ ದೇಶದಲ್ಲಿಯೂ ಇದರ ದೊಡ್ಡ ಉದಾಹರಣೆಯುಂಟು. 1939ರ ಜನವರಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೆ ನಡೆದ ಚುನಾವಣೆಯಲ್ಲಿ ಸುಭಾಷಚಂದ್ರ ಬೋಸರು 1,580 ಓಟು ಪಡೆದು, 1,377 ಓಟು ಪಡೆದ ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿದರು. ಓಟು ಹಾಕಿದವರು ದೇಶದ ಎಲ್ಲ ಪ್ರಾಂತಗಳ ಪ್ರತಿನಿಧಿಗಳು. ಕಾರ್ಯಕಾರಿ ಸಮಿತಿಯ ರಚನೆಯ ವಿಚಾರದಲ್ಲಿ ಹೊಂದಾಣಿಕೆಯಾಗದೆ, ಏಪ್ರಿಲ್ 29ರಂದು ಕಲ್ಕತ್ತೆಯಲ್ಲಿ ಬೋಸರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಾಬು ರಾಜೇಂದ್ರಪ್ರಸಾದರನ್ನು ಆರಿಸಿದ್ದು ಆ ಪ್ರತಿನಿಧಿಗಳಲ್ಲ, ಅವರಿಗಿಂತ ಬಹಳ ಸಣ್ಣದಾದ ಅಖಿಲ ಭಾರತ ಕಾಂಗ್ರೆಸ್ ಸಮಿತಿ. ರಾಜೇಂದ್ರಪ್ರಸಾದರು ಸಜ್ಜನರೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ದೊಡ್ಡ ಮಂಡಲ ಹೂಡಿದ ವ್ಯಕ್ತಿಯ ಜಾಗವನ್ನು ಸಣ್ಣ ಮಂಡಲ ತುಂಬಿದಾಗ ಸಂಸ್ಥೆಯ ದಿಕ್ಕೇ ಬದಲಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ವಾಚನಾಲಯದ ಜಗಲಿಯಲ್ಲಿ ನಡೆದದ್ದೂ ಅದೇ, ಪ್ರಮಾಣ ಮಾತ್ರ ಸಣ್ಣದು.

ಹಾಗಾದರೆ ನಾಮಕರಣವೇ ತಪ್ಪೇ? ಹಾಗೆನ್ನುವಂತಿಲ್ಲ. 1930ರ ಉಪ್ಪಿನ ಸತ್ಯಾಗ್ರಹವನ್ನು ನೆನೆಯಿರಿ. ಮೇ 5ರಂದು ಗಾಂಧೀಜಿಯವರ ದಸ್ತಗಿರಿಯಾಯಿತು. ಅವರು ಮೊದಲೇ ಸೂಚಿಸಿದ್ದಂತೆ ಎಪ್ಪತ್ತಾರು ವರ್ಷದ ಅಬ್ಬಾಸ್ ತ್ಯಾಬ್ಜಿಯವರು ಮುಂದೆ ನಿಂತರು. ಮೇ 12ರಂದು ಅವರನ್ನೂ ಹಿಡಿದರು. ಆ ಜಾಗಕ್ಕೆ ಸರೋಜಿನಿ ನಾಯಿಡು ಬಂದರು, ಮೇ 21ರಂದು ಧಾರಾಸಣದ ಉಪ್ಪಿನ ಕೋಠಿಯ ಮುಂದೆ ಸ್ವಯಂಸೇವಕರು ಸಾಲುಸಾಲಾಗಿ ಲಾಠಿ ಏಟು ತಿಂದರು. ನಮ್ಮ ಕಾಗೋಡಿನಲ್ಲಿಯೂ 1951ರಲ್ಲಿ ಒಂದು ತಂಡ ಜೈಲಿಗೆ ಹೋದರೆ ಇನ್ನೊಂದು ತಂಡ ಗದ್ದೆಗಿಳಿಯುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಅಲ್ಲಿ ಸರ್ವಸದಸ್ಯರ ಸಭೆ ಕರೆಯಲು ಪುರಸೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಏಕೆಂದರೆ ಆ ಖಾಲಿ ಜಾಗಕ್ಕೆ ಬಂದವರು ಲಾಠಿಗೂ ಜೈಲಿಗೂ ಬಂದರು. ಅಂಗಡಿಯ ಬಾಡಿಗೆ ಗೊತ್ತುಮಾಡಲು ಬರಲಿಲ್ಲ. ಕದನಕಾಲದ ಕ್ರಮವನ್ನು ಕಾಫಿಕಾಲದಲ್ಲಿ ಬಳಸುವವರನ್ನು ಕಂಡರೆ ಎಚ್ಚರವಾಗಿರಬೇಕು.

ಎಷ್ಟು ದಿನದೊಳಗೆ?

ಎರಡನೆಯ ಪ್ರಶ್ನೆ ಗಡುವಿನದು. ಅನೇಕ ಬೈಲಾಗಳು "ಆದಷ್ಟು ಬೇಗನೆ" ಎನ್ನುತ್ತವೆ. ಈ ಮಾತಿನ ಬೆಲೆ ಏನೆಂದು ತಿಳಿಯಬೇಕಾದರೆ ದೆಹಲಿಯ ಕಡೆ ನೋಡಬೇಕು. ಲೋಕಸಭೆಯು ಆದಷ್ಟು ಬೇಗನೆ ಸಭಾಧ್ಯಕ್ಷರನ್ನೂ ಉಪಸಭಾಧ್ಯಕ್ಷರನ್ನೂ ಆರಿಸಿಕೊಳ್ಳಬೇಕೆಂದು ಸಂವಿಧಾನದ 93ನೆಯ ಅನುಚ್ಛೇದ ಹೇಳುತ್ತದೆ. ಇಷ್ಟು ದಿನವೆಂದು ಹೇಳುವುದಿಲ್ಲ. 2019ರಿಂದ 2024ರವರೆಗೆ ನಡೆದ ಹದಿನೇಳನೆಯ ಲೋಕಸಭೆ ಉಪಸಭಾಧ್ಯಕ್ಷರನ್ನು ಆರಿಸದೆಯೇ ತನ್ನ ಅವಧಿ ಮುಗಿಸಿತು. ಐದು ವರ್ಷವೂ "ಆದಷ್ಟು ಬೇಗ"ದೊಳಗೆ ಹಿಡಿಸಿತು!

ಅದೇ ಸಂವಿಧಾನದಲ್ಲಿ ಗಡುವಿರುವ ಕಡೆ ಏನಾಗುತ್ತದೆಂದು ನೋಡಿ. ರಾಷ್ಟ್ರಪತಿಗಳು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ನಮ್ಮ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು ಉಪರಾಷ್ಟ್ರಪತಿಯಾಗಿದ್ದರು. ಅವರು ಅಂದೇ ಹಂಗಾಮಿ ರಾಷ್ಟ್ರಪತಿಯಾದರು. ನಡುವೆ ಮಹಾಚುನಾವಣೆ ಬಂತು, ದೆಹಲಿಯ ಸರ್ಕಾರವೇ ಬದಲಾಯಿತು. ಆದರೂ ಆರು ತಿಂಗಳು ತುಂಬುವ ಮುನ್ನವೇ, ಜುಲೈ 25ರಂದು, ಹೊಸ ರಾಷ್ಟ್ರಪತಿಗೆ ಜತ್ತಿಯವರು ಸ್ಥಾನ ಬಿಟ್ಟುಕೊಟ್ಟರು. ಹಂಗಾಮಿ ಎಂಬ ಶಬ್ದಕ್ಕೆ ಅಲ್ಲಿ ಅರ್ಥವಿತ್ತು. ನಮ್ಮ ಸಂಘಗಳಲ್ಲಿ ಹಂಗಾಮಿ ಕಾರ್ಯದರ್ಶಿಗಳು ಮೊಮ್ಮಕ್ಕಳನ್ನು ಕಾಣುವವರೆಗೂ ಹಂಗಾಮಿಯಾಗಿಯೇ ಇರುತ್ತಾರೆ.

ಅದಕ್ಕೂ ಹಿಂದಿನ 1969ರ ಸಂಗತಿ ಇನ್ನೂ ಪಾಠ ಹೇಳುವಂಥದು. ಆ ವರ್ಷ ಮೇ 3ರಂದು ಜಾಕಿರ್ ಹುಸೇನರು ತೀರಿಕೊಂಡು ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿಯಾದರು. ಉಪರಾಷ್ಟ್ರಪತಿಯ ಸ್ಥಾನವೂ ಖಾಲಿಯಾದರೆ ಯಾರು? ಸಂವಿಧಾನದಲ್ಲಿ ಇದಕ್ಕೆ ನೇರ ಉತ್ತರವಿರಲಿಲ್ಲ. ಪಾರ್ಲಿಮೆಂಟು ಅದೇ ತಿಂಗಳು ಕಾಯ್ದೆ ಮಾಡಿ, ಆಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರು ಆ ಕೆಲಸ ನೋಡತಕ್ಕದ್ದೆಂದು ವಿಧಿಸಿತು. ಜುಲೈ 20ರಂದು ಗಿರಿಯವರು ಚುನಾವಣೆಗೆ ನಿಲ್ಲಲೆಂದು ರಾಜೀನಾಮೆ ಕೊಟ್ಟಾಗ ಹಿದಾಯತುಲ್ಲಾ ಅವರು ಆಗಸ್ಟ್ 24ರವರೆಗೆ ಆ ಸ್ಥಾನದಲ್ಲಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗತಿ ಬರಬಾರದೆಂದು ಮೊದಲೇ ತೋಡಿಟ್ಟದ್ದರಿಂದ ದೇಶಕ್ಕೆ ಒಂದು ದಿನವೂ ತೊಡಕಾಗಲಿಲ್ಲ. ನಿಮ್ಮ ಸಂಘದಲ್ಲಿ ಅಧ್ಯಕ್ಷರೂ ಉಪಾಧ್ಯಕ್ಷರೂ ಒಟ್ಟಿಗೇ ಬಿಟ್ಟರೆ ಸಭೆ ಕರೆಯುವವರು ಯಾರು? ಬ್ಯಾಂಕಿನ ಚೆಕ್ಕಿಗೆ ರುಜು ಮಾಡುವವರು ಯಾರು? ಬೈಲಾ ತೆಗೆದು ನೋಡಿ.

ಎಲ್ಲಿಯವರೆಗೆ?

ಮೂರನೆಯ ಪ್ರಶ್ನೆ ಅವಧಿಯದು. ಮಧ್ಯದಲ್ಲಿ ಬಂದ ರಾಷ್ಟ್ರಪತಿಗೆ ಪೂರ್ಣ ಐದು ವರ್ಷ ದೊರೆಯುತ್ತದೆ. ಉಪಚುನಾವಣೆಯಲ್ಲಿ ಗೆದ್ದ ಲೋಕಸಭಾ ಸದಸ್ಯರಿಗೆ ಉಳಿದ ಅವಧಿ ಮಾತ್ರ. ಎರಡೂ ಕ್ರಮಗಳೇ, ಆದರೆ ಎರಡನ್ನೂ ಮೊದಲೇ ಬರೆದಿಟ್ಟಿದ್ದಾರೆ. ಪಾರ್ಲಿಮೆಂಟು ಮತ್ತು ಶಾಸನಸಭೆಯ ಸ್ಥಾನಗಳಿಗೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕೆಂದೂ, ಉಳಿದದ್ದು ಒಂದು ವರ್ಷಕ್ಕಿಂತ ಕಡಿಮೆಯಾದರೆ ಬೇಕಿಲ್ಲವೆಂದೂ 1996ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸೇರಿಸಿದ್ದಾರೆ.

ಸಹಕಾರ ಸಂಘಗಳ ವಿಷಯದಲ್ಲಿ ಸಂವಿಧಾನದ 97ನೆಯ ತಿದ್ದುಪಡಿ ತಂದ ನಿಯಮವೊಂದು ನಮಗೆ ಬಹಳ ಹಿಡಿಸಿದೆ. ಆಡಳಿತ ಮಂಡಲಿಯ ಅವಧಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಮಂಡಲಿಯೇ ನಾಮಕರಣದಿಂದ ತೆರವನ್ನು ತುಂಬಬಹುದು. ಅದನ್ನೂ ತೆರವು ಯಾವ ವರ್ಗದ ಸದಸ್ಯರ ಸ್ಥಾನದಲ್ಲಿ ಆಯಿತೋ ಅದೇ ವರ್ಗದವರಿಂದ ತುಂಬಬೇಕು. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಬಹುರಾಜ್ಯ ಸಹಕಾರ ಸಂಘಗಳಿಗೆ ಮಾತ್ರ ಉಳಿಸಿತು. ಸಹಕಾರವು ರಾಜ್ಯಗಳ ವಿಷಯ, ರಾಜ್ಯಗಳ ಅನುಮೋದನೆ ಪಡೆದಿಲ್ಲವೆಂಬುದು ಕಾರಣ. ನಿಯಮದಲ್ಲಿನ ನ್ಯಾಯಕ್ಕೆ ಅದರಿಂದ ಕುಂದಿಲ್ಲ. ಹೆಣ್ಣುಮಗಳ ಜಾಗಕ್ಕೆ ಷಡ್ಡಕರು ಬರುವುದನ್ನು ಅದು ತಡೆಯುತ್ತದೆ. ಹರಿಜನ ಕೇರಿಯಿಂದ ಆರಿಸಿ ಬಂದವನ ಜಾಗಕ್ಕೆ ಪೇಟೆಬೀದಿಯ ಸಾಹುಕಾರ ಬರುವುದನ್ನು ತಡೆಯುತ್ತದೆ. ಕೆಳಗಿನವರು ಚುನಾವಣೆಯಲ್ಲಿ ಕಷ್ಟಪಟ್ಟು ಗೆದ್ದುದನ್ನು ಮೇಲಿನವರು ತೆರವಿನಲ್ಲಿ ಸದ್ದಿಲ್ಲದೆ ಹಿಂತೆಗೆದುಕೊಳ್ಳುವುದು ಈ ಬಾಗಿಲಿನಿಂದಲೇ. ನಾವು ಈ ವಿಷಯವನ್ನು ಈ ಪತ್ರಿಕೆಯಲ್ಲಿ ಎತ್ತಿರುವುದೂ ಅದಕ್ಕಾಗಿಯೇ.

ಎರಡು ಆಕ್ಷೇಪಗಳು

"ಸಣ್ಣ ಊರಿನಲ್ಲಿ ಚುನಾವಣೆಯೆಂದರೆ ಪಕ್ಷ ಪಂಗಡ, ನಾಲ್ವರು ಕೂತು ಒಪ್ಪಿಕೊಂಡರೆ ಒಗ್ಗಟ್ಟು ಉಳಿಯುತ್ತದೆ" ಎನ್ನುವವರಿದ್ದಾರೆ. ಆ ನಾಲ್ವರು ಯಾರು ಎಂದು ಕೇಳಿದ ಕೂಡಲೇ ಒಗ್ಗಟ್ಟು ಮುರಿಯುತ್ತದೆ! ಉಳಿದವರಿಗೆ ಗೊತ್ತಿಲ್ಲದೆ ಆದ ಒಪ್ಪಂದಕ್ಕೆ ಒಗ್ಗಟ್ಟೆನ್ನುವುದು ಶಬ್ದಕ್ಕೆ ಮಾಡುವ ಅಪಚಾರ.

ಎರಡನೆಯ ಆಕ್ಷೇಪ ಹೆಚ್ಚು ಪ್ರಾಮಾಣಿಕವಾದದ್ದು. "ಕೆಲಸ ಮಾಡಲು ಯಾರೂ ಮುಂದೆ ಬರುವುದಿಲ್ಲ. ಬಂದವನನ್ನು ಚುನಾವಣೆ, ಗಡುವು, ಸೂಚನಾಪತ್ರ ಎಂದು ಅಲೆಸಿದರೆ ಅವನೂ ಓಡುತ್ತಾನೆ" ಎಂಬ ಮಾತು. ಇದು ನಿಜ, ನಾವೂ ಅನುಭವಿಸಿದ್ದೇವೆ. ಹಾಳೂರಿಗೆ ಉಳಿದವನೇ ಗೌಡನೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೆ ಊರು ಹಾಳಾದದ್ದು ಏಕೆ? ಆ ವಾಚನಾಲಯದಲ್ಲಿ ಕಾರ್ಯದರ್ಶಿ ಸ್ಥಾನ ಖಾಲಿಯಿದೆಯೆಂದು ಹಲಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದರೆ, ಅಲ್ಲಿ ದಿನವೂ ಓದಲು ಬರುತ್ತಿದ್ದವರಲ್ಲಿ ಒಬ್ಬರಾದರೂ ಕೈಯೆತ್ತುತ್ತಿದ್ದರೆಂಬುದು ನಮ್ಮ ನಂಬಿಕೆ. ಯಾರನ್ನೂ ಕೇಳದೆಯೇ ಯಾರೂ ಬರಲಿಲ್ಲವೆಂದು ಬರೆದುಕೊಂಡೆವು.

ಮಾಡಬೇಕಾದದ್ದು

ನೋಂದಣಿಯಾದ ಸಂಘಗಳಿಗೆ ನಮ್ಮ ರಾಜ್ಯದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯುಂಟು. ವರ್ಷವರ್ಷವೂ ಆಡಳಿತ ಮಂಡಲಿಯವರ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘ ಹದಗೆಟ್ಟರೆ ಸರ್ಕಾರ ಆಡಳಿತಾಧಿಕಾರಿಯನ್ನು ತಂದು ಕೂರಿಸಲೂಬಹುದು. ಆದರೆ ತೆರವನ್ನು ತುಂಬುವ ಬಗೆ ಹೇಗೆಂಬುದನ್ನು ಸಂಘ ತನ್ನ ಬೈಲಾದಲ್ಲಿಯೇ ಬರೆದುಕೊಳ್ಳಬೇಕು. ಈ ವಾರ್ಷಿಕ ಸಭೆಗಳಲ್ಲಿ ಸದಸ್ಯರು ಈ ಕೆಳಗಿನ ತಿದ್ದುಪಡಿಗಳನ್ನು ಮಂಡಿಸಬೇಕೆಂದು ನಮ್ಮ ಸೂಚನೆ.

1. ರಾಜೀನಾಮೆ ಬರವಣಿಗೆಯಲ್ಲಿರಲಿ. ಹದಿನೈದು ದಿನದೊಳಗೆ ಸಮಿತಿಯ ಮುಂದೆ ಬಂದು, ಅಂಗೀಕಾರವಾದ ತಾರೀಖು ನಡವಳಿಯಲ್ಲಿ ದಾಖಲಾಗಲಿ. ಸಿಟ್ಟಿನಲ್ಲಿ ಕೊಟ್ಟ ಪತ್ರವನ್ನು ಅಧ್ಯಕ್ಷರು ಜೇಬಿನಲ್ಲಿಟ್ಟುಕೊಂಡು ಬೇಕಾದಾಗ ತೆಗೆಯುವ ಪದ್ಧತಿ ನಿಲ್ಲಲಿ. ಗೈರುಹಾಜರಿಯಿಂದ ಸ್ಥಾನ ಹೋಗಬೇಕಾದರೆ ಸೂಚನಾಪತ್ರ ಮುಟ್ಟಿದ್ದಕ್ಕೆ ರುಜುವಾತಿರಲಿ.

2. ಸ್ಥಾನ ಖಾಲಿಯಿದೆಯೆಂಬುದನ್ನು ಏಳು ದಿನ ಮೊದಲು ಎಲ್ಲ ಸದಸ್ಯರಿಗೂ ತಿಳಿಸಲಿ, ಹಲಗೆಯ ಮೇಲೂ ಹಾಕಲಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಹಾಕಿ ಬೆಳಿಗ್ಗೆ ಹತ್ತಕ್ಕೆ ಸಭೆ ಮಾಡುವುದು ಸೂಚನೆಯಲ್ಲ.

3. ಅಧ್ಯಕ್ಷ ಸ್ಥಾನ ತೆರವಾದರೆ ಉಪಾಧ್ಯಕ್ಷರು ಬರಲಿ. ಇತರ ಸ್ಥಾನಗಳಿಗೆ ಸಮಿತಿ ಹಂಗಾಮಿಯಾಗಿ ತೊಂಬತ್ತು ದಿನಕ್ಕೆ ಮಾತ್ರ ನೇಮಿಸಲಿ. ಅವಧಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅಷ್ಟರೊಳಗೆ ಸರ್ವಸದಸ್ಯರ ವಿಶೇಷ ಸಭೆಯಲ್ಲಿ ಚುನಾವಣೆಯಾಗಲಿ. ಕಡಿಮೆ ಉಳಿದಿದ್ದರೆ ಹಂಗಾಮಿಯವರೇ ಮುಂದುವರಿಯಲಿ, ಆದರೆ ಮುಂದಿನ ವಾರ್ಷಿಕ ಸಭೆ ಅವರನ್ನು ಓಟಿನಿಂದ ಒಪ್ಪಲಿ.

4. ಸ್ತ್ರೀಯರ ಸ್ಥಾನಕ್ಕೆ ಸ್ತ್ರೀಯರೇ, ಪರಿಶಿಷ್ಟರ ಸ್ಥಾನಕ್ಕೆ ಪರಿಶಿಷ್ಟರೇ ಬರಲಿ.

5. ಓಟಿಲ್ಲದೆ ಬಂದವರು ಸಮಿತಿಯ ಮೂರನೇ ಒಂದು ಪಾಲನ್ನು ಮೀರಿದ ಕೂಡಲೇ ಇಡೀ ಸಮಿತಿಗೆ ಹೊಸ ಚುನಾವಣೆ ನಡೆಯಲಿ. ಸಂಘದ ಆಸ್ತಿಯನ್ನು ಮಾರುವ, ಬಾಡಿಗೆಗೆ ಕೊಡುವ ಠರಾವುಗಳಿಗೆ ಅಂಥವರ ಓಟು ಲೆಕ್ಕಕ್ಕೆ ಬರಬಾರದು.

6. ನಡವಳಿ ಪುಸ್ತಕ ಮನೆಮನೆಗೆ ತಿರುಗಬಾರದು. ಸಭೆಯಲ್ಲಿದ್ದವರು ಸಭೆಯಲ್ಲಿಯೇ ರುಜು ಹಾಕಲಿ.

ಈ ಆರನೆಯದನ್ನು ನಾವು ಅಧಿಕಾರದಿಂದ ಹೇಳುತ್ತಿಲ್ಲ, ನಾಚಿಕೆಯಿಂದ ಹೇಳುತ್ತಿದ್ದೇವೆ. ಇತರರಿಗೆ ಹೇಳುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಪಕ್ಷದ ತಾಲ್ಲೂಕು ಸಮಿತಿಗಳಲ್ಲಿಯೂ ಖಾಲಿ ಸ್ಥಾನಗಳಿವೆ, ಫೋನಿನಲ್ಲಿ ಮಾತನಾಡಿಕೊಂಡು ತುಂಬಿದ ಸ್ಥಾನಗಳೂ ಇವೆ. ಸರ್ಕಾರ ನಡೆಸುವವರಿಂದ ಪ್ರಜಾಪ್ರಭುತ್ವ ಕೇಳುವವರು ತಮ್ಮ ಸಮಿತಿಯ ಕಾರ್ಯದರ್ಶಿಯನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನೇಮಿಸಬಾರದು. ಮುಂದಿನ ಜಿಲ್ಲಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ನಾವೇ ಎತ್ತಲಿದ್ದೇವೆ.

ಆ ವಾಚನಾಲಯದ ಹಜಾರ ಇನ್ನೂ ಅಂಗಡಿಯಾಗಿಯೇ ಇದೆ. ಬಾಡಿಗೆ ಕರಾರು ಮುಗಿಯುವ ಮುನ್ನ ಸಮಿತಿಯ ಚುನಾವಣೆ ಬರುತ್ತದೆ. ಈ ಸಲ ಸದಸ್ಯರಲ್ಲಿ ಅನೇಕರು ಬೈಲಾದ ಪ್ರತಿ ತರಿಸಿಕೊಂಡು ಓದುತ್ತಿದ್ದಾರೆಂದು ಕೇಳಿದ್ದೇವೆ. ಮೂಟೆ ಹೊರುವ ಆ ತಂದೆಯೂ ವಂತಿಗೆ ಕೊಟ್ಟು ಸದಸ್ಯನಾಗಿದ್ದಾನೆ. ಓದುಗರು ತಮ್ಮ ತಮ್ಮ ಸಂಘದ ಬೈಲಾವನ್ನು ಈ ವಾರವೇ ಕೇಳಿ ಪಡೆಯಲಿ. ಕೊಡಲು ಹಿಂಜರಿದರೆ, ಅಲ್ಲಿ ಯಾವುದೋ ಕುರ್ಚಿ ಈಗಾಗಲೇ ಸದ್ದಿಲ್ಲದೆ ತುಂಬಿಹೋಗಿದೆಯೆಂದು ತಿಳಿಯಬಹುದು.